ಹುಬ್ಬಳ್ಳಿಯೇನು ಕಾಲಾಪಾನಿಯೇ?

ತನ್ನ ಊರಿಗೆ ಹೋಗಿ ದುಡಿಯೆಂದು ಮನುಷ್ಯನನ್ನು ಹಣ ಕೊಟ್ಟು ಒಲಿಸಬೇಕಾದ ಕಾಲವೊಂದು ಬಂದೀತೆಂದು ನಮ್ಮ ಹಿರಿಯರು ಎಣಿಸಿರಲಾರರು. ಆ ಕಾಲ ಬಂದಿದೆ. 2024ರಲ್ಲಿ ಇನ್ಫೋಸಿಸ್ ಕಂಪೆನಿಯು ತನ್ನ ನೌಕರರಿಗೆ ಕಳುಹಿಸಿದ ಪತ್ರವೊಂದರ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಬೇರೆ ಊರುಗಳ ಕೇಂದ್ರಗಳಿಂದ ಹುಬ್ಬಳ್ಳಿಯ ಕೇಂದ್ರಕ್ಕೆ ವರ್ಗವಾಗಿ ಹೋಗಲೊಪ್ಪುವ ಇಂಜಿನಿಯರುಗಳಿಗೆ ಪ್ರೋತ್ಸಾಹಧನ ನೀಡಲಾಗುವುದೆಂದು ಅದರ ತಾತ್ಪರ್ಯ. ಕೆಳಗಿನ ಶ್ರೇಣಿಯವರಿಗೆ ಹೋದೊಡನೆ 25,000 ರೂಪಾಯಿ, ಆ ಬಳಿಕ ಆರಾರು ತಿಂಗಳಿಗೊಮ್ಮೆ ಮತ್ತೆ ಅಷ್ಟೇ, ಹೀಗೆ ಎರಡು ವರ್ಷಗಳಲ್ಲಿ ಒಂದೂಕಾಲು ಲಕ್ಷ. ಶ್ರೇಣಿ ಏರಿದಂತೆ ಮೊತ್ತವೂ ಏರಿ, ಎಲ್ಲರಿಗಿಂತ ಮೇಲಿನವರಿಗೆ 8 ಲಕ್ಷದವರೆಗೆ.

ಈ ಸುದ್ದಿ ಮುಂಬಯಿಯ ನಮ್ಮ ಬಳಗಗಳಲ್ಲಿ ಹಬ್ಬದೂಟದಂತೆ ಹಂಚಿಕೆಯಾಯಿತು. ‘ಕಡೆಗೂ ನಮ್ಮ ಭಾಗಕ್ಕೆ ಒಳ್ಳೆಯ ದಿನ ಬಂತು’ ಎಂದು ಸಂಭ್ರಮಿಸಿದವರಲ್ಲಿ ನಾನು ಗೌರವಿಸುವ ಹಿರಿಯರೂ ಇದ್ದಾರೆ. ಅವರ ಸಂತೋಷದಲ್ಲಿ ನಾನು ಪಾಲುಗೊಳ್ಳಲಾರೆ. ಏಕೆಂಬುದನ್ನು ಇಲ್ಲಿ ನಿವೇದಿಸುತ್ತೇನೆ. ಕಹಿಯಾದರೆ ವಾಚಕರು ಮನ್ನಿಸಬೇಕು.

ಪತ್ರದಲ್ಲಿ ಕಂಪೆನಿಯು ‘ಮುಂಬಯಿ ಕರ್ನಾಟಕ’ದ ಪ್ರತಿಭೆಗಳನ್ನು ಕುರಿತು ಮಾತಾಡಿತ್ತೆಂದು ವರದಿ. ಆ ಪ್ರದೇಶಕ್ಕೆ 2021ರ ನವೆಂಬರಿನಲ್ಲಿಯೇ ರಾಜ್ಯ ಸರಕಾರ ‘ಕಿತ್ತೂರು ಕರ್ನಾಟಕ’ವೆಂದು ಮರುನಾಮಕರಣ ಮಾಡಿದೆ. ಹೆಸರು ಹೋದರೂ ಸಂಬಂಧ ಹೋಗದು ಎಂಬುದಕ್ಕೆ ಇದೊಂದು ವಿಚಿತ್ರ ಸಾಕ್ಷಿ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಿಗೆ ಮುಂಬಯಿಯೇ ರಾಜಧಾನಿಯಾಗಿತ್ತು. ದಾವೆಯಾದರೆ ಇಲ್ಲಿಗೆ, ದುಡಿಮೆಯಾದರೆ ಇಲ್ಲಿಗೆ. ಬಹುಮಂದಿ ವಾಚಕರ ಅಜ್ಜಂದಿರು ಬಂದದ್ದು ಆ ದಾರಿಯಿಂದಲೇ. ಆದ್ದರಿಂದ ಹುಬ್ಬಳ್ಳಿಯ ಈ ಪ್ರಶ್ನೆ ದೂರದ ಊರೊಂದರ ಪ್ರಶ್ನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಅದು ನಮ್ಮ ಮನೆಯ ಪ್ರಶ್ನೆ.

ಮೂರು ದಶಕಗಳಿಂದ ಕೇಂದ್ರ ಸರಕಾರದ ಸೇವೆಯಲ್ಲಿರುವ ನನಗೆ ಭತ್ಯೆಗಳ ಭಾಷೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಸರಕಾರವು ಯಾವ ಊರಿಗೆ ಹೋಗಲು ತನ್ನ ನೌಕರನಿಗೆ ಹೆಚ್ಚು ಹಣ ಕೊಡುತ್ತದೆ? ಯಾವ ಊರಿಗೆ ಅವನು ತಾನಾಗಿ ಹೋಗಲಾರನೋ ಆ ಊರಿಗೆ. ಈಶಾನ್ಯ ರಾಜ್ಯಗಳಿಗೆ ಕಳುಹಿಸುವವರಿಗೆಂದು 1983ರಲ್ಲಿ ವಿಶೇಷ ಕರ್ತವ್ಯ ಭತ್ಯೆ ಆರಂಭವಾಯಿತು. ನಾನು ಮೂರು ವರ್ಷ ಗುವಾಹಾಟಿಯಲ್ಲಿದ್ದಾಗ ಅದನ್ನು ಪಡೆದವನು. ಲಡಾಖ್, ಅಂದಮಾನ್, ಲಕ್ಷದ್ವೀಪಗಳಿಗೂ ಅಂಥ ವ್ಯವಸ್ಥೆಗಳುಂಟು. ಭತ್ಯೆಯ ಆದೇಶ ಹೇಳದೆ ಹೇಳುವ ಮಾತು ಇಷ್ಟೇ: ‘ನಿನ್ನನ್ನು ಕಷ್ಟದ ಜಾಗಕ್ಕೆ ಕಳುಹಿಸುತ್ತಿದ್ದೇವೆ, ಸಹಿಸಿಕೋ.’ ಇನ್ನು ಹುಬ್ಬಳ್ಳಿ-ಧಾರವಾಡ ನಗರವನ್ನು ಅದೇ ಸರಕಾರ ಹೇಗೆ ಕಾಣುತ್ತದೆಂದು ನೋಡೋಣ. ಮನೆ ಬಾಡಿಗೆ ಭತ್ಯೆಯ ಮಟ್ಟಿಗೆ ಅದು ‘ವೈ’ ವರ್ಗದ ನಗರ. ಮುಂಬಯಿ, ಬೆಂಗಳೂರುಗಳು ‘ಎಕ್ಸ್’. 2024ರ ಜನವರಿಯಿಂದ ಮೊದಲಿನದಕ್ಕೆ ಮೂಲ ವೇತನದ ನೂರಕ್ಕೆ 20, ಎರಡನೆಯದಕ್ಕೆ 30. ಅಂದರೆ ಅಲ್ಲಿ ಬದುಕು ಅಗ್ಗವೆಂದು ಸರಕಾರ ಹಣ ಕಡಿಮೆ ಮಾಡುತ್ತದೆ, ಅದೇ ಊರಿಗೆ ಹೋಗಲು ಕಂಪೆನಿ ಹಣ ಹೆಚ್ಚು ಮಾಡುತ್ತದೆ. ನೀರುಂಟು, ನೆರಳುಂಟು, ನೈಋತ್ಯ ರೈಲ್ವೆಯ ಪ್ರಧಾನ ಕಚೇರಿಯುಂಟು, ನೆರೆಯ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಪೀಠವುಂಟು, ವಿಮಾನ ನಿಲ್ದಾಣವುಂಟು. ಇಂಥ ಊರನ್ನು ಕಾಲಾಪಾನಿಯನ್ನಾಗಿ ಮಾಡಿದವರು ಯಾರು?

ಕಂಪೆನಿಯ ಹುಬ್ಬಳ್ಳಿ ಕೇಂದ್ರದ ಕಥೆ ಬಲ್ಲವರಿಗೆ ಉತ್ತರ ಕಷ್ಟವಲ್ಲ. ಭೂಮಿ ಸಿಕ್ಕಿತು, ಕಟ್ಟಡಗಳು ಎದ್ದವು, ಗಾಜಿನ ಗೋಡೆಗಳು ಬಿಸಿಲಿಗೆ ಹೊಳೆದವು. ಒಳಗೆ ಮಾತ್ರ ಕೆಲಸವಿಲ್ಲ. ವರ್ಷಗಳು ಉರುಳಿದವು. ಕೊನೆಗೆ 2022ರಲ್ಲಿ ಹುಬ್ಬಳ್ಳಿಯ ನಾಗರಿಕರೇ ‘ಇನ್ಫೋಸಿಸ್ ಆರಂಭಿಸಿ’ ಎಂದು ಚಳವಳಿ ಹೂಡಬೇಕಾಯಿತು. ಕಾರಖಾನೆ ಮುಚ್ಚಿರೆಂದು ಚಳವಳಿ ಮಾಡಿದ ಊರುಗಳನ್ನು ನಾವು ಕಂಡಿದ್ದೇವೆ. ಕಟ್ಟಿ ನಿಲ್ಲಿಸಿದ ಕಚೇರಿಯ ಬಾಗಿಲು ತೆರೆಯಿರೆಂದು ಕೈಮುಗಿದು ಚಳವಳಿ ಮಾಡಿದ ಊರು ಇದೊಂದೇ ಇರಬೇಕು. ಆ ವರ್ಷವೇ ಬಾಗಿಲು ತೆರೆಯಿತು. ಆದರೆ ಒಳಗೆ ತುಂಬಬೇಕಾದ ಜನ ಬರಲಿಲ್ಲವೆಂಬುದಕ್ಕೆ ಎರಡು ವರ್ಷಗಳ ಬಳಿಕ ಹೊರಟ ಪ್ರೋತ್ಸಾಹಧನದ ಪತ್ರವೇ ಪ್ರಮಾಣ. ಹುಬ್ಬಳ್ಳಿಯ ಭೂಮಿಯ ಪ್ರಶ್ನೆ ವಿಧಾನಸಭೆಯಲ್ಲಿಯೂ ಎದ್ದಿತು. ಕಡಿಮೆ ಬೆಲೆಗೆ ನೆಲ ಕೊಟ್ಟದ್ದೇಕೆ, ಉದ್ಯೋಗವೆಲ್ಲಿ ಎಂದು ಅಲ್ಲಿನ ಶಾಸಕರು ಕೇಳಿದರು.

ಹುಬ್ಬಳ್ಳಿಯಲ್ಲಿ ಕಲಿತವರಿಲ್ಲವೆಂದು ಯಾರಾದರೂ ಹೇಳುವಂತಿದೆಯೇ? ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು 1947ರಿಂದ ಅಲ್ಲಿದೆ, ಈಗ ಅದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಧಾರವಾಡದ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜು 1979ರದು. ಈಚಿನ ವರ್ಷಗಳಲ್ಲಿ ಐಐಟಿ, ಐಐಐಟಿಗಳೆರಡೂ ಧಾರವಾಡಕ್ಕೆ ಬಂದಿವೆ. ಇನ್ಫೋಸಿಸ್ಸಿನ ಕುಟುಂಬಕ್ಕೇ ಈ ನೆಲದ ಋಣವುಂಟು. ಶ್ರೀಮತಿ ಸುಧಾ ಮೂರ್ತಿಯವರು ಇಂಜಿನಿಯರಾದದ್ದು ಅದೇ ಭೂಮರಡ್ಡಿ ಕಾಲೇಜಿನಲ್ಲಿ. ನಂದನ ನಿಲೇಕಣಿಯವರು ಮುಂಬಯಿಯ ಐಐಟಿಗೆ ಬರುವ ಮುನ್ನ ಓದಿದ್ದು ಧಾರವಾಡದಲ್ಲಿ. ಅವರಿಬ್ಬರನ್ನು ರೂಪಿಸಿದ ಊರಿನಿಂದ ಪ್ರತಿವರ್ಷ ಹೊರಬೀಳುವ ಸಾವಿರಾರು ತರುಣ ತರುಣಿಯರು ಪದವಿ ಕೈಗೆ ಬಂದೊಡನೆ ಬೆಂಗಳೂರು, ಪುಣೆ, ಮುಂಬಯಿಗಳ ಗಾಡಿ ಹಿಡಿಯುತ್ತಾರೆ. 2023ರಲ್ಲಿ ಹುಬ್ಬಳ್ಳಿ ನಿಲ್ದಾಣದಲ್ಲಿ 1,507 ಮೀಟರಿನ, ಜಗತ್ತಿನಲ್ಲಿಯೇ ಅತ್ಯಂತ ಉದ್ದದ ಪ್ಲಾಟ್‌ಫಾರಂ ಉದ್ಘಾಟನೆಯಾಯಿತು. ಊರು ಬಿಟ್ಟು ಹೋಗುವವರ ಸಂಖ್ಯೆಗೆ ತಕ್ಕ ಉದ್ದವೆಂದು ಗೆಳೆಯರೊಬ್ಬರು ವ್ಯಂಗ್ಯವಾಡಿದರು. ನನಗೆ ನಗು ಬರಲಿಲ್ಲ.

ಜನರಿದ್ದಾರೆ, ಕಟ್ಟಡವಿದೆ. ಇಲ್ಲದ್ದು ಅಧಿಕಾರ. ನನ್ನ ತಕರಾರಿನ ತಿರುಳು ಇದೇ. ಒಂದು ಸಂಸ್ಥೆ ಹೊಸ ಊರಿಗೆ ಕೈಗಳನ್ನು ಮಾತ್ರ ಕಳುಹಿಸಿ ತಲೆಯನ್ನು ಹಳೆಯ ಊರಿನಲ್ಲಿಯೇ ಇಟ್ಟುಕೊಂಡರೆ, ಆ ಕೈಗಳಿಗೆ ಎಷ್ಟು ಭತ್ಯೆ ಕೊಟ್ಟರೂ ಅವು ನಿಲ್ಲುವುದಿಲ್ಲ. ಹುಬ್ಬಳ್ಳಿಗೆ ಹೋದ ಇಂಜಿನಿಯರನ ಕೆಲಸವನ್ನು ಅಳೆಯುವವನು ಬೆಂಗಳೂರಿನಲ್ಲಿ, ಬಡ್ತಿ ಬರೆಯುವವನು ಬೆಂಗಳೂರಿನಲ್ಲಿ, ಗಿರಾಕಿಯೊಡನೆ ಮಾತಾಡುವವನೂ ಬೆಂಗಳೂರಿನಲ್ಲಿ ಎಂದಾದರೆ, ಎರಡು ವರ್ಷ ತೀರಿ ಕೊನೆಯ ಕಂತು ಕೈಗೆ ಬಂದ ಮರುದಿನ ಅವನು ಮಾಡುವ ಮೊದಲ ಕೆಲಸ ಮರಳಿ ವರ್ಗಕ್ಕೆ ಅರ್ಜಿ ಹಾಕುವುದು. ಸರಕಾರದಲ್ಲಿ ನಾವಿದನ್ನು ಚೆನ್ನಾಗಿ ಬಲ್ಲೆವು. ಈಶಾನ್ಯಕ್ಕೆ ಹೋದವನು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುವುದು ಭತ್ಯೆ ಕಡಿಮೆಯೆಂದಲ್ಲ, ದಿಲ್ಲಿಯ ಕಣ್ಣಿಗೆ ತಾನು ಬೀಳುವುದಿಲ್ಲವೆಂದು.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ಚರಿತ್ರೆಯಲ್ಲಿಯೇ ಇದೆ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ಧಾರವಾಡದಲ್ಲಲ್ಲ, ಮುಂಬಯಿಯಲ್ಲಿ. 1949ರಲ್ಲಿ ಇಲ್ಲಿಯೇ ಅದರ ಕಚೇರಿ ತೆರೆಯಿತು, ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ಹೋದದ್ದು ನಾಲ್ಕು ಜನ ಗುಮಾಸ್ತರಲ್ಲ. ಕುಲಪತಿ, ಕುಲಸಚಿವ, ಪರೀಕ್ಷೆ ನಡೆಸುವ ಅಧಿಕಾರ, ಪದವಿ ಕೊಡುವ ಮುದ್ರೆ ಎಲ್ಲವೂ ಹೋದವು. ತಲೆ ಹೋದ ಕಡೆ ದೇಹವೂ ಹೋಯಿತು, ಒಂದು ಗುಡ್ಡದ ಸುತ್ತ ಒಂದು ನಾಡಿನ ವಿದ್ವತ್ತು ಬೆಳೆಯಿತು. ಆ ಗುಡ್ಡದ ಮೇಲೆ ಎರಡು ವರ್ಷ ಓದಿ ಎಂ.ಎ. ಪಡೆದ ನನಗೆ ಇದು ಪುಸ್ತಕದ ಮಾತಲ್ಲ. ಇನ್ಫೋಸಿಸ್ಸಿಗೂ ಈ ಪಾಠ ಹೊಸತಲ್ಲ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಕಂಪೆನಿಯದು. ಅದನ್ನು ಕಟ್ಟಿದವರು ಮುಂಬಯಿಯ ಪಟ್ನಿ ಕಂಪ್ಯೂಟರ್ಸ್ ಬಿಟ್ಟು ಹೊರಬಂದವರು. ಮೈಕೋ ಕಂಪೆನಿಯ ಕೆಲಸ ಸಿಕ್ಕಿದ್ದರಿಂದ 1983ರಲ್ಲಿ ಅವರು ಬೆಂಗಳೂರಿಗೆ ಹೋದರು. ಕೈಗಳನ್ನು ಕಳುಹಿಸಿ ತಲೆಯನ್ನು ಪುಣೆಯಲ್ಲಿಟ್ಟುಕೊಳ್ಳಲಿಲ್ಲ, ತಾವೇ ಹೋದರು. ಅಂದಿನ ಬೆಂಗಳೂರೇನೂ ಇಂದಿನ ಬೆಂಗಳೂರಾಗಿರಲಿಲ್ಲ. ಅಂದು ಅವರಿಗೆ ಸಾಧ್ಯವಾದದ್ದರ ಹತ್ತರಲ್ಲೊಂದು ಪಾಲು, ಒಂದು ವಿಭಾಗದ ಮುಖ್ಯಸ್ಥನ ಕುರ್ಚಿಯಾದರೂ ಸರಿ, ಇಂದು ಹುಬ್ಬಳ್ಳಿಗೆ ಏಕೆ ಸಾಧ್ಯವಿಲ್ಲ?

ತಲೆ ಎಲ್ಲಿದೆಯೆಂಬುದು ಎಷ್ಟು ಮುಖ್ಯವೆಂದು ಮುಂಬಯಿಗೆ ಗೊತ್ತು. ಟಾಟಾ ಕನ್ಸಲ್ಟೆನ್ಸಿ 1968ರಲ್ಲಿ ಇಲ್ಲಿ ಹುಟ್ಟಿ ದೇಶದ ಉದ್ದಗಲಕ್ಕೂ ನೌಕರರನ್ನು ಬೆಳೆಸಿತು, ಪ್ರಧಾನ ಕಚೇರಿಯನ್ನು ಮಾತ್ರ ಮುಂಬಯಿಯಲ್ಲಿಯೇ ಉಳಿಸಿಕೊಂಡಿತು. 1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಂಡ್‌ಟ್ರೀಯನ್ನು 2019ರಲ್ಲಿ ಮುಂಬಯಿಯ ಎಲ್ ಆ್ಯಂಡ್ ಟಿ ವಶಪಡಿಸಿಕೊಂಡಿತು, 2022ರಲ್ಲಿ ತನ್ನ ಇನ್ನೊಂದು ಕಂಪೆನಿಯೊಡನೆ ಸೇರಿಸಿತು, ಕೂಡಿದ ಕಂಪೆನಿಯ ಪ್ರಧಾನ ಕಚೇರಿ ಮುಂಬಯಿಗೆ ಬಂತು. ಆಗ ಬೆಂಗಳೂರಿನವರು ಮರುಗಿದರು. ಅವರ ಮರುಕ ನ್ಯಾಯವಾದದ್ದೇ. ಆದರೆ ಮುಂಬಯಿಯೆದುರು ತನಗಾದ ನೋವನ್ನೇ ಬೆಂಗಳೂರು ದಿನವೂ ಹುಬ್ಬಳ್ಳಿಗೆ, ಕಲಬುರಗಿಗೆ, ಮಂಗಳೂರಿಗೆ ಉಣಬಡಿಸುತ್ತಿರುವುದು ಅದರ ಕಣ್ಣಿಗೆ ಬೀಳದು.

ದೂರದ ಗಿರಾಕಿ, ವಿಮಾನದ ಅನುಕೂಲ, ನುರಿತ ಹಿರಿಯರ ಅಭಾವ ಎಂದು ಕಂಪೆನಿಗಳು ಕೊಡುವ ಕಾರಣಗಳನ್ನು ನಾನು ಅಲ್ಲಗಳೆಯುತ್ತಿರಲಿಲ್ಲ, 2020 ಬಾರದೆ ಇದ್ದಿದ್ದರೆ. ಆ ವರ್ಷ ಮಹಾಮಾರಿಗೆ ಹೆದರಿ ಕಚೇರಿಗಳೆಲ್ಲ ಮುಚ್ಚಿದಾಗ ಇದೇ ಇಂಜಿನಿಯರುಗಳು ಸಿರಸಿಯ ಅಡಿಕೆ ತೋಟದ ಅಂಚಿನಲ್ಲಿ, ಗದಗದ ಪಡಸಾಲೆಯಲ್ಲಿ ಕುಳಿತು ಅಮೆರಿಕದ ಗಿರಾಕಿಗಳ ಕೆಲಸವನ್ನು ಒಂದು ದಿನವೂ ತಪ್ಪದೆ ಮಾಡಿಕೊಟ್ಟರು. ಲಾಭ ಕುಗ್ಗಲಿಲ್ಲ. ಆಗ ಸಾಧ್ಯವಾದದ್ದು ಈಗ ಅಸಾಧ್ಯವೆಂದರೆ ನಂಬುವವರು ಯಾರು?

ಇಷ್ಟು ಕಂಪೆನಿಗೆ. ಇನ್ನು ನಮ್ಮ ಕಡೆ ತಿರುಗುತ್ತೇನೆ, ಏಕೆಂದರೆ ನಮ್ಮ ಅಂಗಳವನ್ನು ಗುಡಿಸದೆ ನೆರೆಯವರ ಕಸ ತೋರಿಸುವುದು ತರವಲ್ಲ.

ಡೊಂಬಿವಲಿಯಲ್ಲಿ ನಮ್ಮ ನೆರೆಯ ಕುಟುಂಬವೊಂದಿದೆ. ಮೂಲತಃ ಕುಂದಗೋಳದ ಕಡೆಯವರು. ಅವರ ಮಗ ಐರೋಲಿಯ ಕಚೇರಿಯೊಂದರಲ್ಲಿ ಇಂಜಿನಿಯರು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಠಾಣೆಯವರೆಗೆ ಒಂದು ಕಾಲಿನ ಮೇಲೆ ನಿಂತು, ಅಲ್ಲಿ ಗಾಡಿ ಬದಲಿಸಿ, ರಾತ್ರಿ ಒಂಬತ್ತಕ್ಕೆ ಬಾಡಿ ಮರಳುತ್ತಾನೆ. ಎರಡು ಕೋಣೆಯ ಮನೆಗೆ ಅವನು ಕಟ್ಟುವ ಸಾಲದ ಕಂತಿನಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅಂಗಳವಿರುವ ಮನೆ ಬಾಡಿಗೆಗೆ ಸಿಕ್ಕೀತು. ಈ ಪ್ರೋತ್ಸಾಹಧನದ ಮಾತು ಬಂದಾಗ ಅವನಿಗೂ ಅಂಥ ಅವಕಾಶ ಹುಡುಕಬಾರದೇಕೆಂದು ನಾನು ಕೇಳಿದೆ. ತಾಯಿ ತಟ್ಟನೆ ಅಂದರು: ‘ಅಲ್ರೀ ಸಾಹೇಬ್ರ, ಇಷ್ಟು ಕಷ್ಟಪಟ್ಟು ಓದಿಸಿ ಮತ್ತ ಹುಬ್ಬಳ್ಳಿಗೇ ಕಳಸೂದಂದ್ರ ಹೆಂಗ್ರೀ? ನಾಳೆ ಕನ್ಯಾ ಯಾರು ಕೊಡತಾರ?’ ಅದೇ ತಾಯಿ ನವೆಂಬರಿನಲ್ಲಿ ಸಂಘದ ವೇದಿಕೆಯ ಮೇಲೆ ನಾಡಗೀತೆಗೆ ಮೊದಲ ದನಿಯಾಗುವವರು. ಮಗ ಮಾತ್ರ ಸಮಾಧಾನದಿಂದ ವಿವರಿಸಿದ: ‘ಅಂಕಲ್, ಹೋಗಬಹುದು. ಆದರೆ ಅಲ್ಲಿಂದ ಮುಂದಿನ ಕೆಲಸಕ್ಕೆ ಎಲ್ಲಿಗೆ ಹೋಗಲಿ? ಈ ಕಂಪೆನಿ ಬೇಡವೆಂದರೆ ರಸ್ತೆ ದಾಟಿದರೆ ಇಲ್ಲಿ ಇನ್ನೊಂದಿದೆ. ಅಲ್ಲಿ ಒಂದೇ.’

ಹುಡುಗನ ಮಾತು ವಿವೇಕದ್ದು. ಐರೋಲಿ, ಮಹಾಪೆ, ಪವಯಿಗಳ ಬಲವಿರುವುದು ಯಾವುದೋ ಒಂದು ಕಂಪೆನಿಯಲ್ಲಲ್ಲ, ಒತ್ತೊತ್ತಾಗಿ ನಿಂತ ಹತ್ತಾರು ಕಂಪೆನಿಗಳಲ್ಲಿ. 1973ರಲ್ಲಿ ಅಂಧೇರಿಯ ಸೀಪ್ಝ್ ವಲಯ ಆರಂಭವಾದಾಗ ಬಿತ್ತಿದ್ದು ಇಂದು ಖಾಡಿಯಾಚೆಯವರೆಗೆ ಹಬ್ಬಿದೆ. ಒಂಟಿ ಕಂಪೆನಿಯ ಊರಿನಲ್ಲಿ ನೌಕರ ಜೀತದಾಳಿನಂತೆ. ಆದ್ದರಿಂದಲೇ ತರುಣರನ್ನು ನಾನು ದೂರುವುದಿಲ್ಲ. ದೂರುವುದು ನಮ್ಮನ್ನು, ಐವತ್ತು ದಾಟಿದವರನ್ನು. ಊರನ್ನು ನಾವು ಹಾಡಿಗೆ ಇಟ್ಟುಕೊಂಡೆವು, ಬದುಕಿಗೆ ಅಲ್ಲ. ಇನ್ಫೋಸಿಸ್ಸಿನ ಸಂಸ್ಥಾಪಕರ ಹೆಸರು ಹೇಳಿ ಎದೆಯುಬ್ಬಿಸಿದೆವು. ‘ಹುಬ್ಬಳ್ಳಿಯ ಕಟ್ಟಡ ಏಕೆ ಖಾಲಿಯಿದೆ’ ಎಂದು ಒಂದು ಕಾಗದ ಬರೆಯಲಿಲ್ಲ. ಚಳವಳಿ ಹುಬ್ಬಳ್ಳಿಯವರು ಮಾಡಿದರು. ಮುಂಬಯಿಯ ನಮ್ಮ ಇಷ್ಟೊಂದು ಸಂಘಗಳಲ್ಲಿ ಒಂದಾದರೂ ಅದಕ್ಕೆ ದನಿಗೂಡಿಸಿದ್ದನ್ನು ನಾನು ಕಾಣೆ. ಅಂದು ಹೋಟೆಲು ಮಾಣಿಗಳಿಗೆಂದು ರಾತ್ರಿ ಶಾಲೆ ಕಟ್ಟಿದ ಹಿರಿಯರಿಗೆ ನಮಗಿಂತ ಎಷ್ಟು ಕಡಿಮೆ ಹಣವಿತ್ತು, ಎಷ್ಟು ಹೆಚ್ಚು ಕಣ್ಣಿತ್ತು!

2024ರ ಜುಲೈ ತಿಂಗಳಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅದು ಹೊರನಾಡ ಕನ್ನಡಿಗರ ಮೈಯಲ್ಲಿ ನಡುಕ ಹುಟ್ಟಿಸಬೇಕಿತ್ತು, ಹುಟ್ಟಿಸಲಿಲ್ಲ. ಕರ್ನಾಟಕದ ಸಚಿವ ಸಂಪುಟವು ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆಯಿತ್ತಿತು: ಖಾಸಗಿ ಕಂಪೆನಿಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದ ಹುದ್ದೆಗಳಲ್ಲಿ 70. ತಂತ್ರಜ್ಞಾನ ಕಂಪೆನಿಗಳು ಬೊಬ್ಬೆಯಿಟ್ಟವು, ಜುಲೈ 17ರಂದು ಸರಕಾರ ಮಸೂದೆಯನ್ನು ತಡೆಹಿಡಿಯಿತು. ಇಲ್ಲಿಯ ನಮ್ಮವರಲ್ಲಿ ಹಲವರು ಕಂಪೆನಿಗಳನ್ನು ಶಪಿಸಿ ಮಸೂದೆಯನ್ನು ಹರಸಿದರು. ಹರಸಿದವರು ಅದನ್ನು ಓದಿದ್ದರೇ ಎಂಬುದು ನನ್ನ ಸಂದೇಹ. ‘ಸ್ಥಳೀಯ’ನೆಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ಅಲ್ಲಿ ನೆಲಸಿರಬೇಕು, ಕನ್ನಡವನ್ನು ಮಾತಾಡಲು, ಓದಲು, ಬರೆಯಲು ಬಲ್ಲವನಾಗಿರಬೇಕು.

ವಾಚಕರೇ, ಮೊದಲ ಎರಡು ನಿಬಂಧನೆಗಳನ್ನು ಮತ್ತೊಮ್ಮೆ ಓದಿರಿ. ವಡಾಲಾದಲ್ಲಿಯೋ ಮುಲುಂಡದಲ್ಲಿಯೋ ಹುಟ್ಟಿ, ತಂದೆತಾಯಿಯರ ಹಟದಿಂದ ಕನ್ನಡ ಶಾಲೆಗೆ ಹೋಗಿ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರೆಗೂ ನಡೆದ ಹುಡುಗಿ ಈ ಮಸೂದೆಯ ಪ್ರಕಾರ ಪರಕೀಯಳು. ಮೂರನೆಯ ನಿಬಂಧನೆಯಲ್ಲಿ ಬೆಂಗಳೂರಿನ ಅರ್ಧದಷ್ಟು ಮಕ್ಕಳನ್ನು ಅವಳು ಸೋಲಿಸಬಲ್ಲಳು, ಆದರೆ ಅಲ್ಲಿಯವರೆಗೆ ಅವಳನ್ನು ಬಿಡುವವರಿಲ್ಲ. ಇತ್ತ ಮುಂಬಯಿಯಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿದಾಗ ಮೊದಲ ಗುರಿಯಾದವರು ದಕ್ಷಿಣದವರು. ಉಡುಪಿ ಹೋಟೆಲುಗಳ ಗಾಜು ಪುಡಿಯಾದದ್ದನ್ನು ಕಂಡವರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ಇಲ್ಲಿ ‘ಮದ್ರಾಸಿ’, ಅಲ್ಲಿ ‘ಹೊರಗಿನವರು’. ಹಾಗಾದರೆ ನಮ್ಮ ಮಕ್ಕಳು ಭೂಮಿಪುತ್ರರಾಗುವುದು ಯಾವ ಭೂಮಿಯಲ್ಲಿ?

ಸ್ಥಳೀಯರಿಗೆ ಕೆಲಸ ಕೊಡಬೇಕೆಂಬುದಕ್ಕೆ ನಾನು ವಿರೋಧಿಯಲ್ಲ. ನೆಲ, ನೀರು, ವಿದ್ಯುತ್ತು ನಾಡಿನದಾದ ಮೇಲೆ ಉದ್ಯೋಗದಲ್ಲಿ ನಾಡಿನವರಿಗೆ ಪಾಲಿರಲೇಬೇಕು. ಧಾರವಾಡದವರೇ ಆದ ಸರೋಜಿನಿ ಮಹಿಷಿಯವರ ಸಮಿತಿ 1980ರ ದಶಕದಲ್ಲಿ ಕೊಟ್ಟ ವರದಿಯಲ್ಲಿ ಕೇಂದ್ರೋದ್ಯಮಗಳ ಸಿ ಮತ್ತು ಡಿ ವರ್ಗದ ಹುದ್ದೆಗಳೆಲ್ಲ ಕನ್ನಡಿಗರಿಗೆ ಸಲ್ಲಬೇಕೆಂದದ್ದು ಅನ್ಯಾಯದ ಮಾತಲ್ಲ. ಆದರೆ ಕನ್ನಡಿಗನೆಂಬುದನ್ನು ಹೆರಿಗೆ ಆಸ್ಪತ್ರೆಯ ವಿಳಾಸದಿಂದ ನಿರ್ಧರಿಸಹೊರಟರೆ ಮಾತು ಬೇರೆ. ಭಾಷೆಯ ನಿಬಂಧನೆ ಇರಲಿ, ಇನ್ನಷ್ಟು ಬಿಗಿಯಾಗಿಯೇ ಇರಲಿ. ಕನ್ನಡ ಕಲಿತರೆ ಕೆಲಸವುಂಟೆಂದಾದರೆ ಬಿಹಾರದವನೂ ಕಲಿತಾನು, ಮುಂಬಯಿಯ ನಮ್ಮ ಮೊಮ್ಮಕ್ಕಳೂ ಕಲಿತಾರು. ಹುಟ್ಟಿನ ನಿಬಂಧನೆಯಿಂದ ಯಾರೂ ಏನೂ ಕಲಿಯುವುದಿಲ್ಲ. ಹರಿಯಾಣದಲ್ಲಿ ನೂರಕ್ಕೆ 75ರ ಇಂಥದೇ ಕಾಯಿದೆಯನ್ನು 2023ರ ನವೆಂಬರಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ರದ್ದುಪಡಿಸಿತು ಎಂಬುದನ್ನು ಮಸೂದೆ ಬರೆದವರು ಮರೆತದ್ದೇಕೋ ತಿಳಿಯದು.

ಎರಡೂ ಒಂದೇ ರೋಗದ ಎರಡು ಲಕ್ಷಣಗಳೆಂದು ನನ್ನ ಅಭಿಪ್ರಾಯ. ಕಂಪೆನಿಯೊಡನೆ ನೆಲದ ಕರಾರು ಬರೆಯುವಾಗ ಬಿಗಿಯಾಗಬೇಕಿದ್ದ ಸರಕಾರ ಅಲ್ಲಿ ಸಡಿಲವಾಯಿತು. ಎಷ್ಟು ಹುದ್ದೆ, ಎಷ್ಟು ವರ್ಷದೊಳಗೆ, ಅದರಲ್ಲಿ ಹಿರಿಯ ಹುದ್ದೆ ಎಷ್ಟು, ತಪ್ಪಿದರೆ ಎಷ್ಟು ಎಕರೆ ಹಿಂದಕ್ಕೆ ಎಂದು ಬರೆಯಿಸಿಕೊಳ್ಳಬಹುದಾದ ದಿನ ಹಾರ ಹಾಕಿ ಫೋಟೋ ತೆಗೆಯಿಸಿಕೊಂಡಿತು. ಅನಂತರ ಜನ ಕೆಲಸವೆಲ್ಲಿ ಎಂದು ಕೇಳಿದಾಗ ಆ ಸಿಟ್ಟನ್ನು ‘ಹೊರಗಿನವರ’ ಮೇಲೆ ತಿರುಗಿಸಲು ಮಸೂದೆ ತಂದಿತು. ಕಂಪೆನಿಗಳು ಗದರಿದೊಡನೆ ಅದನ್ನೂ ಮಡಿಚಿಟ್ಟಿತು. ನಡುವೆ ಸಿಕ್ಕವನು ಹುಬ್ಬಳ್ಳಿಯಲ್ಲಿ ಓದಿದ ಹುಡುಗ, ಇಲ್ಲವೇ ಡೊಂಬಿವಲಿಯಲ್ಲಿ ಹುಟ್ಟಿದವನು.

ನಮ್ಮ ಸಂಘದ ಬರುವ ಸರ್ವಸಾಧಾರಣ ಸಭೆಯಲ್ಲಿ ಎರಡು ಗೊತ್ತುವಳಿಗಳನ್ನು ಮಂಡಿಸುವವನಿದ್ದೇನೆ. ಒಂದನ್ನು ಕರ್ನಾಟಕ ಸರಕಾರಕ್ಕೆ ಕಳುಹಿಸಬೇಕು: ಆ ಮಸೂದೆ ಮತ್ತೆ ಯಾವ ರೂಪದಲ್ಲಿ ಬಂದರೂ, ಹತ್ತನೆಯ ತರಗತಿಯವರೆಗೆ ಕನ್ನಡವನ್ನು ಒಂದು ಭಾಷೆಯಾಗಿ ಓದಿದವರು ಅಥವಾ ಕನ್ನಡದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಎಲ್ಲಿಯೇ ಹುಟ್ಟಿದ್ದರೂ ‘ಸ್ಥಳೀಯ’ರೆನಿಸಬೇಕು, ಹುಟ್ಟಿನ ಮತ್ತು ಹದಿನೈದು ವರ್ಷಗಳ ನಿಬಂಧನೆಗಳನ್ನು ಕೈಬಿಡಬೇಕು. ಇನ್ನೊಂದು ಇನ್ಫೋಸಿಸ್ ಕಂಪೆನಿಯ ಆಡಳಿತ ಮಂಡಳಿಗೆ: ಹುಬ್ಬಳ್ಳಿಗೆ ಬರುವವರಿಗೆ ಕೊಡುವ ಹಣದ ಜೊತೆಗೆ, ಆ ಕೇಂದ್ರದಲ್ಲಿಯೇ ಕುಳಿತು ನೇಮಕ ಮಾಡುವ, ಬಡ್ತಿ ಕೊಡುವ, ಗಿರಾಕಿಯೊಡನೆ ವ್ಯವಹರಿಸುವ ಅಧಿಕಾರವುಳ್ಳ ಹಿರಿಯರು ಎಷ್ಟು ಮಂದಿ ಇದ್ದಾರೆ, ಬರುವ ಮೂರು ವರ್ಷಗಳಲ್ಲಿ ಎಷ್ಟು ಮಂದಿಯನ್ನು ಅಲ್ಲಿಗೆ ಕಳುಹಿಸುತ್ತೀರಿ ಎಂದು ತಿಳಿಸಬೇಕು. ಅನುಮೋದಿಸಲು ಒಬ್ಬರು ಬೇಕು. ಕುಂದಗೋಳದ ಆ ತಾಯಿಯನ್ನು ಕೇಳಿದ್ದೇನೆ, ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದಾರೆ.